ಸೆಕೆಂಡ್ ಹ್ಯಾಂಡ್ ಲೆನ್ಸಿನಲ್ಲಿ ಫಂಗಸ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಹಳೇ ಲೆನ್ಸ್ ಮಾರುವವರು ಕಳಿಸುವ ಫೋಟೋಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಮುಚ್ಚಳ, ಡಬ್ಬ, ಬಿಲ್ಲು ಎಲ್ಲ ಇರುತ್ತವೆ. ಲೆನ್ಸಿನ ಒಳಗೆ ಟಾರ್ಚ್ ಬಿಟ್ಟು ತೆಗೆದ ಫೋಟೋ ಮಾತ್ರ ಇರುವುದಿಲ್ಲ. ನೀವು ದುಡ್ಡು ಕೊಡುವುದು ಆ ಒಳಗಿನ ಗಾಜಿಗೇ ಅಲ್ವಾ? ಹಾಗಾಗಿ ಮೊದಲು ಅದನ್ನೇ ಕೇಳಿ: "ಸಾರ್, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಿಡಿದು ಒಂದು ಫೋಟೋ ಕಳಿಸಿ." ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು, ಬ್ಲೇಡುಗಳು ಅದನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಫೋಟೋ ಕಳಿಸಿದರೆ ಮಾತು ಮುಂದುವರಿಸಿ. ನಾಳೆ ಕಳಿಸ್ತೀನಿ, ಏನೂ ಇಲ್ಲ ಬಿಡಿ, ನಾನು ಗ್ಯಾರಂಟಿ ಅಂತ ಶುರುವಾದರೆ ಆ ಲೆನ್ಸನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಫಂಗಸ್, ಅಂದರೆ ಗಾಜಿನ ಮೇಲೆ ಬೆಳೆಯುವ ಬೂಷ್ಟು, ಅಂದ ತಕ್ಷಣ ಹೆದರಿ ಓಡುವವರಿದ್ದಾರೆ. "ಸ್ವಲ್ಪ ಇದೆ ಅಷ್ಟೇ, ಫೋಟೋದಲ್ಲಿ ಕಾಣಲ್ಲ" ಅನ್ನುವ ಮಾತು ನಂಬಿ ಕೊಂಡುಬಿಡುವವರೂ ಇದ್ದಾರೆ. ಎರಡೂ ಬೇಡ. ಫಂಗಸ್ ಯಾವ ಗಾಜಿನ ಮೇಲಿದೆ, ಆ ಗಾಜಿಗೆ ಕೈ ತಲುಪುತ್ತದಾ, ಗಾಜಿನ ಮೇಲಿನ ತೆಳು ಲೇಪವನ್ನು, ಅಂದರೆ ಕೋಟಿಂಗನ್ನು ಆಗಲೇ ತಿಂದುಬಿಟ್ಟಿದೆಯಾ ಅನ್ನುವುದನ್ನು ನೋಡಿಕೊಂಡರೆ ಒಳ್ಳೆಯ ಲೆನ್ಸ್ ಕಡಿಮೆ ದುಡ್ಡಿಗೆ ಸಿಗುತ್ತದೆ, ಕೆಟ್ಟದ್ದು ಕೈ ತಪ್ಪುತ್ತದೆ.

ನಮ್ಮ ಊರಿನ ಲೆನ್ಸ್‌ಗಳಿಗೆ ಯಾಕೆ ಜಾಸ್ತಿ

ಫಂಗಸ್ಸಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ, ಹೊಸ ಲೆನ್ಸಿನ ಒಳಗೂ ಇರುತ್ತವೆ. ಅವು ಚಿಗುರುವುದಕ್ಕೆ ಬೇಕಾದದ್ದು ತೇವ, ಕತ್ತಲೆ, ಆಡದ ಗಾಳಿ, ತಿನ್ನುವುದಕ್ಕೆ ಒಂದಿಷ್ಟು ಧೂಳು ಅಥವಾ ಬೆರಳಿನ ಜಿಡ್ಡು. ಗಾಳಿಯ ತೇವಾಂಶ ಶೇ. 60 ದಾಟಿ ವಾರಗಟ್ಟಲೆ ಅಲ್ಲೇ ನಿಂತರೆ ಬೆಳವಣಿಗೆಗೆ ಅನುಕೂಲ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಶೇ. 80ರ ಮೇಲೇ ಇರುತ್ತದೆ. ಆಗುಂಬೆ, ತೀರ್ಥಹಳ್ಳಿ, ಮಡಿಕೇರಿ ಕಡೆ ಬೀರುವಿನಲ್ಲಿಟ್ಟ ಚಪ್ಪಲಿಯೇ ಬೂಷ್ಟು ಹಿಡಿಯುತ್ತದೆ, ಇನ್ನು ಲೆನ್ಸ್ ಯಾವ ಲೆಕ್ಕ? ಬೆಂಗಳೂರಿನವರು ನಮಗೇನೂ ಆಗಲ್ಲ ಅಂದುಕೊಳ್ಳುತ್ತಾರೆ, ಆದರೆ ಮಳೆಗಾಲದಲ್ಲಿ ಇಲ್ಲೂ ತೇವಾಂಶ ಶೇ. 60ಕ್ಕಿಂತ ಬಹಳ ಮೇಲೆ ಹೋಗುತ್ತದೆ. ಕಲಬುರಗಿ, ರಾಯಚೂರಿನಿಂದ ಬಂದ ಲೆನ್ಸ್‌ಗಳಲ್ಲಿ ಫಂಗಸ್ ಕಡಿಮೆ, ಧೂಳು ಜಾಸ್ತಿ.

ಸಣ್ಣ ಊರುಗಳ ಹಳೇ ಸ್ಟುಡಿಯೋಗಳಿಂದ ಬರುವ ಲೆನ್ಸ್‌ಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಮದುವೆ ಫೋಟೋ ತೆಗೆದು ತೆಗೆದು ಬಣ್ಣ ಹೋಗಿರುತ್ತದೆ, ರಬ್ಬರ್ ಸವೆದಿರುತ್ತದೆ, ಆದರೂ ಫೋಕಸ್ ರಿಂಗ್ ಬೆಣ್ಣೆಯ ಹಾಗೆ ತಿರುಗುತ್ತದೆ. ಫಿಲಂ ಕಾಲ ಮುಗಿದ ಮೇಲೆ ಅವನ್ನು ಚರ್ಮದ ಕೇಸಿಗೆ ಹಾಕಿ ಬೀರುವಿನ ಮೂಲೆಗೆ ತಳ್ಳಿರುತ್ತಾರೆ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಕೇಸ್ ತೆರೆದ ತಕ್ಷಣ ಬೂಷ್ಟಿನ ವಾಸನೆ ಮೂಗಿಗೆ ಬಡಿದರೆ ಒಳಗೆ ಏನಿದೆ ಅಂತ ಅರ್ಧ ಗೊತ್ತಾದ ಹಾಗೆ.

ಟಾರ್ಚ್ ಹಿಡಿಯುವ ರೀತಿ

ಫೋನಿನ ಟಾರ್ಚ್ ನಡೆಯುತ್ತದೆ, ಸಣ್ಣ ಎಲ್ಇಡಿ ಟಾರ್ಚ್ ಇನ್ನೂ ಒಳ್ಳೆಯದು. ಎರಡೂ ಕಡೆಯ ಮುಚ್ಚಳ ಮತ್ತು ಫಿಲ್ಟರ್ ತೆಗೆಯಿರಿ. ಯುವಿ ಫಿಲ್ಟರ್ ಬಿಚ್ಚಲು ಬರುತ್ತಿಲ್ಲ ಅಂದರೆ ಅಲ್ಲೇ ಅನುಮಾನ ಪಡಿ: ಫಿಲ್ಟರ್ ರಿಂಗ್ ನೆಗ್ಗಿರಬಹುದು, ಅಂದರೆ ಲೆನ್ಸ್ ಒಮ್ಮೆ ಬಿದ್ದಿದೆ. ಅಪರ್ಚರ್ ಪೂರ್ತಿ ತೆರೆದಿಡಿ. ಹಳೇ ಲೆನ್ಸ್‌ಗಳಲ್ಲಿ ರಿಂಗ್ ತಿರುಗಿಸಿದರೆ ಸಾಕು. ಕೆಲವಕ್ಕೆ ಹಿಂದಿನ ಸಣ್ಣ ಕಡ್ಡಿಯನ್ನೋ ಪಿನ್ನನ್ನೋ ಬೆರಳಿನಿಂದ ಒತ್ತಿ ಹಿಡಿಯಬೇಕು. ಕ್ಯಾನನ್ ಇಎಫ್ ತರಹದವು ಕ್ಯಾಮೆರಾದಿಂದ ತೆಗೆದಾಗ ತಾವೇ ಪೂರ್ತಿ ತೆರೆದಿರುತ್ತವೆ.

ಈಗ ಕೋಣೆಯ ದೀಪ ಆರಿಸಿ. ಟಾರ್ಚನ್ನು ಹಿಂದಿನ ಗಾಜಿನ ಹತ್ತಿರ ಹಿಡಿದು ಮುಂದಿನಿಂದ ನೋಡಿ. ಆದರೆ ಬೆಳಕು ನೇರ ಕಣ್ಣಿಗೆ ಬರಬಾರದು, ಟಾರ್ಚನ್ನು ಸ್ವಲ್ಪ ಓರೆ ಮಾಡಿ. ನೇರ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆಯೇ ಹೊರತು ದೋಷ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಒಳಗಿರುವುದೆಲ್ಲ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಲೆನ್ಸನ್ನು ನಿಧಾನಕ್ಕೆ ತಿರುಗಿಸುತ್ತಾ, ನಿಮ್ಮ ಕಣ್ಣಿನ ಫೋಕಸನ್ನು ಮುಂದಿನ ಗಾಜಿನಿಂದ ಒಂದೊಂದೇ ಗಾಜಿಗೆ ಒಳಗೆ ಇಳಿಸಿ. ಆಮೇಲೆ ಟಾರ್ಚ್ ಮುಂದೆ, ಕಣ್ಣು ಹಿಂದೆ. ಜೂಮ್ ಲೆನ್ಸ್ ಆದರೆ ಎರಡು ತುದಿಯಲ್ಲೂ ಇಟ್ಟು ಇದನ್ನೇ ಮಾಡಿ, ಯಾಕೆಂದರೆ ಒಂದು ತುದಿಯಲ್ಲಿ ಅಡಗಿರುವುದು ಇನ್ನೊಂದು ತುದಿಯಲ್ಲಿ ಕಾಣುತ್ತದೆ.

ಫಂಗಸ್ ಅಂದರೆ ಹೀಗೆ: ಅಂಚಿನಲ್ಲೆಲ್ಲೋ ಒಂದು ಬಿಂದು, ಅದರಿಂದ ನಾಲ್ಕೂ ಕಡೆ ಕವಲೊಡೆಯುತ್ತಾ ಹೊರಟ ಕೂದಲಿಗಿಂತ ತೆಳ್ಳಗಿನ ಬಿಳಿ ಎಳೆಗಳು. ಎಳೆಯಿಂದ ಎಳೆ ಹುಟ್ಟುತ್ತಾ ಹೋಗಿರುತ್ತದೆ. ಧೂಳು ಹಾಗಿರುವುದಿಲ್ಲ, ಧೂಳಿಗೆ ಕವಲಿಲ್ಲ, ಚುಕ್ಕೆ ಚುಕ್ಕೆಯಾಗಿ ಬಿಡಿಬಿಡಿಯಾಗಿ ಬಿದ್ದಿರುತ್ತದೆ. ಒಳಗೆ ಧೂಳು ಇರದ ಹಳೇ ಲೆನ್ಸ್ ಸಿಗುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಟಾರ್ಚ್ ಬೆಳಕಿನಲ್ಲಿ ಒಳ್ಳೊಳ್ಳೆ ಲೆನ್ಸ್ ಕೂಡ ಕೊಳಕಾಗಿ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗುವುದೂ ಬೇಡ. 50-60 ವರ್ಷ ಹಳೆಯ ಗಾಜಿನೊಳಗೆ ಒಂದೆರಡು ಪುಟಾಣಿ ಗಾಳಿಗುಳ್ಳೆ ಕಂಡರೆ ಅದು ಗಾಜು ತಯಾರಾದಾಗಲೇ ಉಳಿದದ್ದು, ಅದರಿಂದ ಏನೂ ತೊಂದರೆ ಇಲ್ಲ.

ಫಂಗಸ್ಸಿಗಿಂತ ಮೋಸ ಮಾಡುವುದು ಮಬ್ಬು. ಮಾರುಕಟ್ಟೆಯಲ್ಲಿ ಇದಕ್ಕೆ ಹೇಜ್ ಅನ್ನುತ್ತಾರೆ. ಎಳೆ ಇಲ್ಲ, ಚುಕ್ಕೆ ಇಲ್ಲ, ಒಂದು ಇಡೀ ಗಾಜಿನ ಮೇಲೆ ತೆಳ್ಳಗೆ ಹಾಲಿನ ಬಣ್ಣದ ಪೊರೆ. ಹಗಲು ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ, ಟಾರ್ಚ್ ಬಿಟ್ಟರೆ ಇಡೀ ಗಾಜು ಮಂಕಾಗಿ ಹೊಳೆಯುತ್ತದೆ. ಒಳಗಿನ ಗ್ರೀಸಿನ ಆವಿ ಗಾಜಿನ ಮೇಲೆ ಕೂತು ಆಗುವುದೇ ಹೆಚ್ಚು, ಅದರಲ್ಲೂ ಅಪರ್ಚರ್ ಬ್ಲೇಡಿನ ಎರಡೂ ಪಕ್ಕದ ಗಾಜುಗಳ ಮೇಲೆ. ಸಣ್ಣ ಫಂಗಸ್ ಚುಕ್ಕೆ ಫೋಟೋದಲ್ಲಿ ಕಾಣದೇ ಹೋಗಬಹುದು, ಮಬ್ಬು ಮಾತ್ರ ಪ್ರತಿ ಫೋಟೋದಲ್ಲೂ ಕಾಣುತ್ತದೆ: ಕಪ್ಪು ಕಪ್ಪಾಗಿ ಬರುವುದಿಲ್ಲ, ಬೆಳಕಿನ ಎದುರು ಹಿಡಿದರೆ ಇಡೀ ಚಿತ್ರ ತೊಳೆದು ಹೋದ ಹಾಗೆ ಆಗುತ್ತದೆ. ಎಣ್ಣೆಯ ಮಬ್ಬು ಒರೆಸಿದರೆ ಹೋಗುತ್ತದೆ. ಗಾಜಿನ ಮೇಲ್ಮೈಯೇ ಕೆಟ್ಟು ಆದ ಮಬ್ಬು ಹೋಗುವುದಿಲ್ಲ. ಬಿಚ್ಚದೆ ಇದು ಯಾವುದು ಅಂತ ಹೇಳುವುದು ಕಷ್ಟ, ಆದ್ದರಿಂದ ಮಬ್ಬಿರುವ ಲೆನ್ಸಿಗೆ, ಆ ಮಬ್ಬು ಹೋಗುವುದಿಲ್ಲ ಅಂದುಕೊಂಡೇ ಬೆಲೆ ಕಟ್ಟಿ.

ಇನ್ನೊಂದು, ಅಂಟು ಬಿಡುವುದು. ಎರಡು ಗಾಜುಗಳನ್ನು ಅಂಟಿಸಿ ಒಂದು ಮಾಡಿರುತ್ತಾರೆ, ಹಳೆಯವುಗಳಲ್ಲಿ ಅದು ಕೆನಡಾ ಬಾಲ್ಸಮ್ ಅನ್ನುವ ಮರದ ಅಂಟು. ಅದು ಬಿಟ್ಟಾಗ ಅಂಚಿನಲ್ಲಿ ಬೆಳ್ಳಿ ಬಣ್ಣದ ಪಟ್ಟಿಯೋ, ಕಾಮನಬಿಲ್ಲಿನ ಬಣ್ಣದ ಉಂಗುರಗಳೋ ಕಾಣುತ್ತವೆ. ಇದನ್ನು ಸರಿ ಮಾಡಬೇಕಾದರೆ ಗಾಜುಗಳನ್ನು ಬೇರ್ಪಡಿಸಿ, ನಡುವನ್ನು ಸರಿಯಾಗಿ ಕೂರಿಸಿ ಮತ್ತೆ ಅಂಟಿಸಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಆ ಅಂಟಿನ ಪದರದೊಳಗೇ ಫಂಗಸ್ ಹೊಕ್ಕಿದ್ದರೂ ಅಷ್ಟೇ. ಬಿಟ್ಟುಬಿಡಿ.

ಗೀರುಗಳ ವಿಷಯದಲ್ಲಿ ಜನರಿಗೆ ಭಯ ಉಲ್ಟಾ ಇದೆ. ಮುಂದಿನ ಗಾಜಿನ ಮೇಲೆ ಒಂದು ಗೀರು ಕಂಡರೆ ಕೈ ಬಿಡುತ್ತಾರೆ, ಹಿಂದಿನ ಗಾಜನ್ನು ತಿರುಗಿಯೂ ನೋಡುವುದಿಲ್ಲ. ಮುಂದಿನ ಗಾಜಿನ ಒಂದೆರಡು ಸಣ್ಣ ಗೀರು ಫೋಟೋದಲ್ಲಿ ಕಾಣುವುದೇ ಇಲ್ಲ. ಸೂರ್ಯ ಎದುರಿಗಿದ್ದಾಗ ಸ್ವಲ್ಪ ಬೆಳಕು ಚೆದುರಬಹುದು ಅಷ್ಟೇ. ಆಳವಾದ ಗೀರಿಗೆ ಸೂಜಿ ತುದಿಯಲ್ಲಿ ಕಪ್ಪು ಇಂಕ್ ತುಂಬಿದರೆ ಅದೂ ಕಡಿಮೆಯಾಗುತ್ತದೆ. ಹಿಂದಿನ ಗಾಜು ಸೆನ್ಸರಿಗೆ ಹತ್ತಿರ, ಅಲ್ಲಿಯ ಗೀರು, ಫಂಗಸ್, ಬೆರಳಚ್ಚು ಎಲ್ಲ ಜಾಸ್ತಿ ಪರಿಣಾಮ ಮಾಡುತ್ತವೆ, ಅಪರ್ಚರನ್ನು ಎಫ್ 16ರಷ್ಟು ಕಿರಿದು ಮಾಡಿದಾಗಂತೂ ಇನ್ನೂ ಜಾಸ್ತಿ. ಹಿಂದಿನ ಗಾಜಿಗೆ ಟಾರ್ಚಿನ ಸಮಯ ಎರಡು ಪಟ್ಟು ಕೊಡಿ.

ಗಾಜು ಹಳದಿಯಾಗಿದ್ದರೆ ಅದು ಬೇರೆಯೇ ಕಥೆ. 1960-70ರ ದಶಕದ ಕೆಲವು ಲೆನ್ಸ್‌ಗಳಲ್ಲಿ ವಿಕಿರಣ ಸೂಸುವ ಥೋರಿಯಂ ಬೆರೆಸಿದ ಗಾಜು ಇದೆ, ಪೆಂಟಾಕ್ಸ್‌ನ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4ರ ಏಳು ಗಾಜಿನ ಮಾದರಿ ಇದಕ್ಕೆ ಹೆಸರುವಾಸಿ. ವರ್ಷಗಳು ಕಳೆದಂತೆ ಚಹಾ ಬಣ್ಣ ಬರುತ್ತದೆ. ಯುವಿ ಎಲ್ಇಡಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಣ್ಣ ಬಹಳಷ್ಟು ಇಳಿಯುತ್ತದೆ. ಕ್ಯಾಮೆರಾಗೆ ಹಾಕಿ ಫೋಟೋ ತೆಗೆಯುವುದಕ್ಕೆ ಭಯಪಡಬೇಕಿಲ್ಲ, ಆದರೆ ಆ ಗಾಜನ್ನು ಉಜ್ಜಿ ಪುಡಿ ಏಳಿಸುವ ಕೆಲಸ ಯಾವತ್ತೂ ಮಾಡಬೇಡಿ.

ಕೋಟಿಂಗ್ ಹೋಗಿದೆಯಾ ಇಲ್ಲವಾ

ಬೆಲೆ ನಿಲ್ಲುವುದು ಇದರ ಮೇಲೆ. ಫಂಗಸ್ ಬೆಳೆಯುತ್ತಾ ಆಮ್ಲ ಬಿಡುತ್ತದೆ, ಅದು ಮೊದಲು ಕೋಟಿಂಗನ್ನು, ಆಮೇಲೆ ಗಾಜನ್ನು ಕೊರೆಯುತ್ತದೆ. ಫಂಗಸ್ಸನ್ನು ಒರೆಸಬಹುದು, ಕೊರೆದದ್ದನ್ನು ತುಂಬಲು ಆಗುವುದಿಲ್ಲ. ನೋಡುವುದು ಹೀಗೆ: ಟ್ಯೂಬ್‌ಲೈಟಿನ ಕೆಳಗೆ ಗಾಜನ್ನು ಓರೆಯಾಗಿ ಹಿಡಿದು, ಅದರಲ್ಲಿ ಮೂಡುವ ನೇರಳೆಯೋ ಹಸಿರೋ ಪ್ರತಿಬಿಂಬ ನೋಡಿ. ಬಣ್ಣ ಒಂದೇ ಸಮ ಇದ್ದರೆ ಕೋಟಿಂಗ್ ಇದೆ. ಫಂಗಸ್ ಎಳೆ ಇರುವ ಜಾಗದಲ್ಲೇ ಬಣ್ಣ ಬದಲಾಗಿ ನಕ್ಷೆ ಬಿಡಿಸಿದ ಹಾಗೆ ಕಂಡರೆ ಅಲ್ಲಿ ತಿಂದಿದೆ, ತೊಳೆದ ಮೇಲೂ ಆ ಗುರುತು ಉಳಿಯುತ್ತದೆ. ಅಂಚಿನಲ್ಲಿ ಮಾತ್ರ ಉಳಿದರೆ ಪರವಾಗಿಲ್ಲ, ಚಿತ್ರದಲ್ಲಿ ಗೊತ್ತಾಗುವುದಿಲ್ಲ. ನಡುವಿನಲ್ಲಿ ಅಗಲವಾಗಿ ಹರಡಿದ್ದರೆ ಆ ಲೆನ್ಸ್ ಬೇಡ.

ಗಾಜು ಸರಿ, ಯಂತ್ರ?

ಅಪರ್ಚರ್ ಬ್ಲೇಡಿನ ಮೇಲೆ ಎಣ್ಣೆ ಹೊಳೆಯುತ್ತಿದೆಯಾ ನೋಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಲೆನ್ಸ್ ಬಿಟ್ಟರೆ ಫೋಕಸ್ ಗ್ರೀಸ್ ಕರಗಿ ಎಣ್ಣೆ ಬೇರೆಯಾಗಿ ಬ್ಲೇಡಿಗೆ ಹರಿಯುತ್ತದೆ. ಇದು ಎಷ್ಟು ದೊಡ್ಡ ಸಮಸ್ಯೆ ಅನ್ನುವುದು ಲೆನ್ಸಿನ ಮೇಲೆ ಹೋಗುತ್ತದೆ. ಹೀಲಿಯೋಸ್ 44-2 ತರಹದ ಲೆನ್ಸಿನಲ್ಲಿ ರಿಂಗ್ ತಿರುಗಿಸಿ ಬ್ಲೇಡನ್ನು ಕೈಯಿಂದಲೇ ಮುಚ್ಚುತ್ತೀರಿ, ಸ್ಪ್ರಿಂಗ್ ಇಲ್ಲ, ಎಣ್ಣೆ ಇದ್ದರೂ ಕೆಲಸ ನಡೆಯುತ್ತದೆ. ಆದರೆ ಕ್ಲಿಕ್ ಮಾಡಿದ ಕ್ಷಣದಲ್ಲಿ ತಾನೇ ಮುಚ್ಚಿಕೊಳ್ಳಬೇಕಾದ ನಿಕಾನ್ ಕಂಪನಿಯ ನಿಕ್ಕಾರ್, ಪೆಂಟಾಕ್ಸ್ ಲೆನ್ಸ್‌ಗಳಲ್ಲಿ ಎಣ್ಣೆ ಹಿಡಿದ ಬ್ಲೇಡ್ ನಿಧಾನ ಆಗುತ್ತದೆ, ಮುಚ್ಚುವಷ್ಟರಲ್ಲಿ ಫೋಟೋ ಮುಗಿದಿರುತ್ತದೆ, ಫೋಟೋ ವಿಪರೀತ ಬೆಳ್ಳಗೆ ಬರುತ್ತದೆ. ಎಫ್ 16ಕ್ಕೆ ಇಟ್ಟು ಹಿಂದಿನ ಕಡ್ಡಿಯನ್ನು ತಳ್ಳಿ ಬಿಡಿ. ಟಪ್ ಅಂತ ಮುಚ್ಚಬೇಕು. ನಿಧಾನಕ್ಕೆ ಸರಿದರೆ ಸರ್ವೀಸ್ ಖರ್ಚು ಬೆಲೆಯಲ್ಲಿ ಕಳೆಯಿರಿ.

ಫೋಕಸ್ ರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಬಿಗಿಯಲ್ಲಿ ತಿರುಗಬೇಕು. ಎಲ್ಲ ಕಡೆ ಗಟ್ಟಿಯಾಗಿದ್ದರೆ ಗ್ರೀಸ್ ಒಣಗಿದೆ, ಅದು ಸರಿ ಹೋಗುವ ಕೆಲಸ. ಒಂದೇ ಜಾಗದಲ್ಲಿ ತಡೆದರೆ ಅಥವಾ ಕರಕರ ಅಂದರೆ ಪೆಟ್ಟು ಬಿದ್ದಿದೆ ಇಲ್ಲವೇ ಮರಳು ಹೋಗಿದೆ. ಸ್ಕ್ರೂಗಳ ತಲೆ ನೋಡುವುದನ್ನು ಮರೆಯಬೇಡಿ: ಸವೆದು ಹೋಗಿದ್ದರೆ, ಕಪ್ಪು ಬಣ್ಣ ಕೆತ್ತಿದ್ದರೆ, ಯಾರೋ ಆಗಲೇ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ, ಸರಿಯಾಗಿ ಕೂರಿಸಿದ್ದಾರಾ ಅನ್ನುವುದು ಪ್ರಶ್ನೆ.

ಆಟೋಫೋಕಸ್ ಲೆನ್ಸಿನಲ್ಲಿ ಪ್ರತಿ ಜೂಮ್ ಅಳತೆಯಲ್ಲೂ, ಎಫ್ 8ಕ್ಕೋ ಎಫ್ 11ಕ್ಕೋ ಇಟ್ಟು ಕ್ಲಿಕ್ ಮಾಡಿ ನೋಡಿ. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ, ಮುಚ್ಚಲು ಹೋದಾಗ ಎರರ್ ಬರುತ್ತದೆ. ಕ್ಯಾನನ್ 24-105 ಎಂಎಂ ಎಫ್ 4 ಎಲ್ ಲೆನ್ಸಿನ ಮೊದಲ ಮಾದರಿಯಲ್ಲಿ ಅಪರ್ಚರ್‌ನ ತೆಳು ಕೇಬಲ್ ಸವೆದು ಎರರ್ 01 ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕೈ ನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಶನ್ ಇದ್ದರೆ ಆನ್ ಮಾಡಿ ವ್ಯೂಫೈಂಡರ್‌ನಲ್ಲಿ ನೋಡಿ, ಚಿತ್ರ ಹಾರಬಾರದು.

ನಿಮ್ಮ ಕ್ಯಾಮೆರಾಗೆ ಹೊಂದುತ್ತದಾ ಅಂತಲೂ ಮೊದಲೇ ನೋಡಿಕೊಳ್ಳಿ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಒಳಗೆ ಫೋಕಸ್ ಮೋಟಾರ್ ಇಲ್ಲ, ಕ್ಯಾಮೆರಾದ ಮೋಟಾರನ್ನೇ ನೆಚ್ಚಿಕೊಂಡ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಎಷ್ಟೋ ಜನ ಇದನ್ನು ಲೆನ್ಸಿನ ದೋಷ ಅಂದುಕೊಂಡು ಜಗಳ ಆಡುತ್ತಾರೆ. 1977ರಲ್ಲಿ ನಿಕಾನ್‌ನ ಎಐ (ಲೆನ್ಸಿನ ಅಪರ್ಚರ್ ಅಳತೆಯನ್ನು ಕ್ಯಾಮೆರಾಗೆ ತಿಳಿಸುವ) ಪದ್ಧತಿ ಬರುವ ಮುಂಚಿನ ನಿಕ್ಕಾರ್ ಲೆನ್ಸನ್ನು ಮಾರ್ಪಾಡು ಮಾಡದೆ ಹಾಕಿದರೆ ಕೆಲವು ಡಿಎಸ್‌ಎಲ್‌ಆರ್‌ಗಳ ಲೆನ್ಸ್ ಕೂರುವ ಮೌಂಟ್ ಪಕ್ಕದ ಸಣ್ಣ ನಾಲಿಗೆ ಮುರಿಯಬಹುದು. ಮಿರರ್‌ಲೆಸ್ ಇರುವವರಿಗೆ ಅಡಾಪ್ಟರ್ ಒಂದಿದ್ದರೆ ಈ ತಲೆನೋವಿಲ್ಲ.

ಫೋಟೋ ತೆಗೆದು ನೋಡಿ

ಎದುರಿಗೇ ಕೂತಿದ್ದರೆ ಮೂರು ಫೋಟೋ ಸಾಕು. ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಅಪರ್ಚರ್ ಪೂರ್ತಿ ತೆರೆದು, ಗೋಡೆಗೆ ಸರಿಯಾಗಿ ಎದುರಾಗಿ ನಿಂತು ಒಂದು. ನಾಲ್ಕೂ ಮೂಲೆಯ ಅಕ್ಷರ ಹೆಚ್ಚುಕಮ್ಮಿ ಒಂದೇ ಥರ ಮಸುಕಾಗಿದ್ದರೆ ಸರಿ. ಎಡಗಡೆ ಚೆನ್ನಾಗಿದ್ದು ಬಲಗಡೆ ಕಲಸಿಹೋಗಿದ್ದರೆ ಒಳಗಿನ ಗಾಜು ನಡುವಿನಿಂದ ಸರಿದಿದೆ. ಇದು ಟಾರ್ಚಿಗೆ ಕಾಣುವುದಿಲ್ಲ, ರಿಪೇರಿಯೂ ಸುಲಭವಿಲ್ಲ. ಎರಡನೆಯದು ಕಿಟಕಿಯ ಬೆಳಕಿಗೆ ಎದುರಾಗಿ, ಮಬ್ಬು ಗೊತ್ತಾಗಲಿಕ್ಕೆ. ಮೂರನೆಯದು ನನಗೆ ತುಂಬ ಇಷ್ಟದ್ದು: ದೂರದ ಬೀದಿದೀಪವನ್ನೋ ಪುಟ್ಟ ಎಲ್ಇಡಿ ಬಲ್ಬನ್ನೋ ಬೇಕಂತಲೇ ಫೋಕಸ್ ತಪ್ಪಿಸಿ ತೆಗೆಯಿರಿ. ಬೆಳಕು ಒಂದು ದೊಡ್ಡ ವೃತ್ತವಾಗಿ ಬರುತ್ತದೆ. ಅದನ್ನು ಹಿಗ್ಗಿಸಿ ನೋಡಿದರೆ ಲೆನ್ಸಿನ ಒಳಗಿನ ಫಂಗಸ್ ಎಳೆ, ಧೂಳಿನ ಚುಕ್ಕೆ, ಆಳದ ಗೀರು ಆ ವೃತ್ತದ ಮೇಲೆ ಅಚ್ಚೊತ್ತಿರುತ್ತದೆ. ರಾತ್ರಿ ದೀಪಗಳ ಮುಂದೆ ಪೋರ್ಟ್ರೇಟ್ ತೆಗೆಯುವವರಿಗೆ ಆ ಎಳೆಗಳು ಪ್ರತಿ ದೀಪದಲ್ಲೂ ಬರುತ್ತವೆ, ಆದ್ದರಿಂದ ನಿಮ್ಮ ಕೆಲಸ ಅದೇ ಆಗಿದ್ದರೆ ಸಣ್ಣ ಫಂಗಸ್ಸೂ ಬೇಡ. ಹೊಲ, ಗುಡ್ಡ, ದೇವಸ್ಥಾನ ತೆಗೆಯುವವರಿಗೆ ಅಂಚಿನ ಸಣ್ಣ ಫಂಗಸ್ ಗೊತ್ತೇ ಆಗುವುದಿಲ್ಲ.

ಚೌಕಾಸಿ ಮಾಡುವಾಗ ನಾನು ಇಟ್ಟುಕೊಂಡ ನಿಯಮ ಇಷ್ಟು. ಮುಂದಿನ ಅಥವಾ ಹಿಂದಿನ ಗಾಜಿನ ಹೊರಮೈಯಲ್ಲಿ, ಅಂಚಿನಲ್ಲಿ, ಕೋಟಿಂಗ್ ಉಳಿದಿರುವ ಫಂಗಸ್ ಆದರೆ ಸ್ವಲ್ಪ ಇಳಿಸಿ ಕೊಳ್ಳಿ. ಒಳಗಿದ್ದರೆ ಟೆಕ್ನಿಷಿಯನ್ ಹತ್ತಿರ ಸರ್ವೀಸಿಗೆ ಎಷ್ಟು ಅಂತ ಫೋನ್ ಮಾಡಿ ಕೇಳಿ, ಅಷ್ಟನ್ನು ಕಳೆದು, ಅದರ ಮೇಲೆ ಗುರುತು ಉಳಿಯುವ ಅಪಾಯಕ್ಕೆ ಇನ್ನೊಂದಿಷ್ಟು ಕಳೆದು ಹೇಳಿ. ಸ್ಟೆಬಿಲೈಸೇಶನ್ ಇರುವ ಆಧುನಿಕ ಜೂಮ್ ಲೆನ್ಸಿನ ಹೊಟ್ಟೆಯೊಳಗೆ ಫಂಗಸ್ ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ, ಅದನ್ನು ಬಿಚ್ಚಿ ಸರಿಯಾಗಿ ಜೋಡಿಸುವ ಖರ್ಚಿಗೆ ಇನ್ನೊಂದು ಲೆನ್ಸೇ ಬರುತ್ತದೆ.

ನೀವೇ ತೊಳೆಯುವುದಾದರೆ

ಮೊದಲು ಯಾವುದಕ್ಕೆ ಕೈ ಹಾಕಬಾರದು ಅಂತ ಹೇಳಿಬಿಡುತ್ತೇನೆ. ಆಟೋಫೋಕಸ್ ಜೂಮ್ ಬೇಡ. ಒಳಗೆ ಕಾಗದದಷ್ಟು ತೆಳ್ಳಗಿನ ಕೇಬಲ್‌ಗಳಿರುತ್ತವೆ. ಅಪ್ಪನದೋ ತಾತನದೋ ನೆನಪಿನ ಲೆನ್ಸ್ ಬೇಡ. ಮೊದಲ ಸಲ ಬಿಚ್ಚುವುದಕ್ಕೆ ಸರಳವಾದ, ಪೂರ್ತಿ ಲೋಹದ, ಕೈಯಿಂದ ಫೋಕಸ್ ಮಾಡುವ 50 ಎಂಎಂ ಸುತ್ತಮುತ್ತಲಿನ ಲೆನ್ಸ್ ತಗೊಳ್ಳಿ. ಸೋವಿಯತ್ ಕಾಲದ ಹೀಲಿಯೋಸ್ 44-2, 58 ಎಂಎಂ ಎಫ್ 2, ಇದಕ್ಕೆ ಹೇಳಿ ಮಾಡಿಸಿದ್ದು: ಆರು ಗಾಜು, ನಾಲ್ಕು ಗುಂಪು, ಎಲೆಕ್ಟ್ರಾನಿಕ್ಸ್ ಇಲ್ಲವೇ ಇಲ್ಲ.

ಸ್ಕ್ರೂಡ್ರೈವರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಮೊಬೈಲ್ ರಿಪೇರಿ ಕಿಟ್‌ನ ಪ್ಲಸ್ ತುದಿ ಜಪಾನಿ ಲೆನ್ಸಿನ ಸ್ಕ್ರೂಗಳಿಗೆ ಸರಿಯಾಗಿ ಕೂರುವುದಿಲ್ಲ. ಅವುಗಳ ಅಳತೆ ಜಪಾನಿನದೇ ಆದ ಜೆಐಎಸ್, ಮಾಮೂಲಿ ಫಿಲಿಪ್ಸ್ ತುದಿ ಅದರಲ್ಲಿ ಜಾರಿ ಸ್ಕ್ರೂ ತಲೆಯನ್ನು ಅರೆದುಬಿಡುತ್ತದೆ. ಜಪಾನಿನ ವೆಸೆಲ್ ಕಂಪನಿಯದ್ದು ಆನ್‌ಲೈನಿನಲ್ಲಿ ಸಿಗುತ್ತದೆ. ಸ್ಕ್ರೂ ಅಲುಗಾಡದಿದ್ದರೆ ಬಲ ಹಾಕಬೇಡಿ, ಒಳಗೆ ಅಂಟು ಹಾಕಿರುತ್ತಾರೆ. ಬಿಸಿ ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ತಾಗಿಸಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಗಾಜನ್ನು ಹಿಡಿದಿರುವ ರಿಂಗ್‌ಗೆ ಎದುರುಬದುರು ಎರಡು ಕಚ್ಚು ಇರುತ್ತವೆ, ಅದಕ್ಕೆ ಎರಡು ಮೊನೆಯ ಲೆನ್ಸ್ ಸ್ಪ್ಯಾನರ್ ಬೇಕು. ಮೊನೆ ಜಾರಿದರೆ ನೇರ ಗಾಜಿನ ಮೇಲೆ ಗೀರು ಬೀಳುತ್ತದೆ, ಆದ್ದರಿಂದ ಗಾಜಿನ ಅಳತೆಗೆ ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿ ಮೇಲಿಟ್ಟುಕೊಂಡು ತಿರುಗಿಸಿ. ಹೆಸರು ಬರೆದ ಮುಂದಿನ ರಿಂಗ್‌ಗೆ ಕಚ್ಚು ಇಲ್ಲದಿದ್ದರೆ ಅದರ ಅಳತೆಯ ರಬ್ಬರ್ ಬಿರಡೆ ಒತ್ತಿ ತಿರುಗಿಸಿದರೆ ಬರುತ್ತದೆ.

ಒಂದೊಂದು ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಗಾಜು ಹೊರಗೆ ತೆಗೆಯುವ ಮೊದಲು ಯಾವ ಮುಖ ಮುಂದಕ್ಕೆ ಅಂತ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಯಾಕೆಂದರೆ ಎರಡೂ ಕಡೆ ಉಬ್ಬಿರುವ ಗಾಜನ್ನು ಉಲ್ಟಾ ಕೂರಿಸಿದರೆ ನೋಡಲು ಸರಿಯಾಗೇ ಕಾಣುತ್ತದೆ, ಫೋಟೋ ಮಾತ್ರ ಬರುವುದಿಲ್ಲ. ತೆಳ್ಳಗಿನ ವಾಷರ್ ಸಿಕ್ಕರೆ ಅದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ವಾರದ ಮಾತ್ರೆ ಹಾಕಿಡುವ ಖಾನೆಖಾನೆಯ ಡಬ್ಬಿ ಸ್ಕ್ರೂಗಳಿಗೆ ತುಂಬ ಅನುಕೂಲ.

ಫೋಕಸ್ ರಿಂಗಿನ ಸ್ಕ್ರೂ ಥ್ರೆಡ್‌ಗಳನ್ನು, ಅಂದರೆ ಹೆಲಿಕಾಯ್ಡನ್ನು ಬೇರೆ ಮಾಡಬೇಡಿ. ಅದಕ್ಕೆ ಶುರುವಾಗುವ ಜಾಗಗಳು ಹಲವಾರು, ತಪ್ಪು ಜಾಗದಲ್ಲಿ ಕೂರಿಸಿದರೆ ದೂರದ ವಸ್ತು ಫೋಕಸ್ ಆಗುವುದೇ ಇಲ್ಲ. ಫಂಗಸ್ ತೆಗೆಯುವುದಕ್ಕೆ ಅದನ್ನು ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಹಿಂದಿನಿಂದ ಮತ್ತು ಮುಂದಿನಿಂದ ಗಾಜಿನ ಗುಂಪುಗಳನ್ನು ತೆಗೆದರೆ ಬ್ಲೇಡಿನ ಎರಡೂ ಪಕ್ಕ ತಲುಪಬಹುದು.

ಇನ್ನು ತೊಳೆಯುವುದು. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ, ಧೂಳಿನ ಮೇಲೆ ಒರೆಸಿದರೆ ಗೀರು ಗ್ಯಾರಂಟಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ. 6ರದ್ದು, ಬಾಟಲಿ ಮೇಲೆ 20 ವಾಲ್ಯೂಮ್ ಅಂತಲೂ ಬರೆದಿರುತ್ತದೆ. ಲೇಬಲ್ ಓದಿ ಖಚಿತ ಮಾಡಿಕೊಂಡು, ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಶೇ. 3ಕ್ಕೆ ಬರುತ್ತದೆ. ಲೆನ್ಸ್ ಟಿಶ್ಯೂ ಅಥವಾ ಎಳೆ ಬಿಡದ ಬಟ್ಟೆಗೆ ಹಚ್ಚಿ, ಫಂಗಸ್ ಇರುವ ಜಾಗದ ಮೇಲೆ ಒಂದೆರಡು ನಿಮಿಷ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಹಗುರವಾಗಿ ಒರೆಸಿ. ಅದು ಫಂಗಸ್ಸನ್ನು ಕೊಲ್ಲಲು ನೆರವಾಗುತ್ತದೆ. ಆಮೇಲೆ ಹೊಸ ಟಿಶ್ಯೂವಿನಲ್ಲಿ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಇನ್ನೊಮ್ಮೆ. ಒಂದು ಒರೆಸಿಗೆ ಒಂದು ಟಿಶ್ಯೂ, ಅದನ್ನೇ ತಿರುಗಿಸಿ ತಿರುಗಿಸಿ ಬಳಸಬೇಡಿ. ದ್ರವವನ್ನು ಬಟ್ಟೆಗೆ ಹಾಕಿ, ಗಾಜಿನ ಮೇಲೆ ಸುರಿಯಬೇಡಿ. ಅಂಟಿಸಿದ ಗಾಜಿನ ಗುಂಪನ್ನು ದ್ರವದಲ್ಲಿ ನೆನೆಹಾಕಲೇಬೇಡಿ, ಅಂಚಿನಿಂದ ಒಳಗೆ ಹೋಗಿ ಅಂಟು ಬಿಡಿಸುತ್ತದೆ, ಅಂಚಿನ ಕಪ್ಪು ಬಣ್ಣವನ್ನೂ ಕರಗಿಸುತ್ತದೆ. ಪೆರಾಕ್ಸೈಡಿಗೆ ವಿನೆಗರ್ ಗಿನೆಗರ್ ಏನನ್ನೂ ಬೆರೆಸಬೇಡಿ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ನೇಲ್ ಪಾಲಿಶ್ ರಿಮೂವರ್ ಲೆನ್ಸಿನ ಹತ್ತಿರಕ್ಕೂ ಬರಬಾರದು, ಅದರ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿ ಅನ್ನುವ ವಿಡಿಯೋಗಳನ್ನು ನಂಬಬೇಡಿ, ಅದು ಕೋಟಿಂಗನ್ನೇ ಕೆರೆಯುತ್ತದೆ. 1940-50ರ ದಶಕದ ಕೆಲವು ಲೆನ್ಸ್‌ಗಳ ಒಳಗಿನ ಕೋಟಿಂಗ್ ತುಂಬ ಮೃದು, ಬಟ್ಟೆ ತಾಗಿದರೇ ಎದ್ದು ಬರುತ್ತದೆ. ಅವು ಅನುಭವ ಇರುವವರ ಕೈಗೇ ಹೋಗಲಿ. ಬಿಸಿಲಿಗಿಟ್ಟರೆ ಫಂಗಸ್ ಸಾಯುತ್ತದೆ ಅನ್ನುವ ಮಾತೂ ಇದೆ. ಫಂಗಸ್ಸನ್ನು ಚೆನ್ನಾಗಿ ಕೊಲ್ಲುವ ಯುವಿ-ಸಿ ಕಿರಣ ಭೂಮಿಯ ಮೇಲಿನ ಬಿಸಿಲಿನಲ್ಲಿ ಇಲ್ಲ, ದೀಪದಿಂದ ಬಿಟ್ಟರೂ ಲೆನ್ಸಿನ ಗಾಜನ್ನು ದಾಟುವುದಿಲ್ಲ. ಬಿಸಿಲಿನಿಂದ ಗ್ರೀಸ್ ಕರಗುತ್ತದೆ, ಜೊತೆಗೆ ಲೆನ್ಸ್ ಬಿಸಿಲನ್ನು ಒಂದು ಬಿಂದುವಿಗೆ ತಂದು ಕೆಳಗಿನ ಬಟ್ಟೆಗೆ ಬೆಂಕಿ ಹಚ್ಚಬಲ್ಲದು. ಎಳೆಗಳಂತೂ ಅಲ್ಲೇ ಇರುತ್ತವೆ.

ಜೋಡಿಸಿದ ಮೇಲೆ ಚಂದ್ರನಿಗೋ ದೂರದ ಮೊಬೈಲ್ ಟವರಿಗೋ ಫೋಕಸ್ ಮಾಡಿ ನೋಡಿ. ಫೋಕಸ್ ರಿಂಗಿನ ಅನಂತದ (∞) ಗುರುತಿನಲ್ಲಿ ಅದು ಸ್ಪಷ್ಟವಾಗಿ ಬಂದು, ಗೋಡೆಯ ದಿನಪತ್ರಿಕೆಯ ನಾಲ್ಕೂ ಮೂಲೆ ಸಮ ಇದ್ದರೆ ಕೆಲಸ ಆಯಿತು.

ಮತ್ತೆ ಬಾರದ ಹಾಗೆ ಇಡುವುದು

ಫಂಗಸ್ ಇದ್ದ ಲೆನ್ಸಿನಿಂದ ಪಕ್ಕದ ಲೆನ್ಸಿಗೆ ಹರಡುತ್ತದಾ ಅಂತ ತುಂಬ ಜನ ಕೇಳುತ್ತಾರೆ. ಬೀಜಕಣ ಹೇಗೂ ಎಲ್ಲ ಕಡೆ ಇದೆ, ಒಣ ಜಾಗದಲ್ಲಿ ಅದು ಚಿಗುರುವುದಿಲ್ಲ. ಎರಡು ಲೆನ್ಸಿಗೂ ಬಂದಿದ್ದರೆ ಇಟ್ಟ ಜಾಗ ಒದ್ದೆ ಅಂತ ಅರ್ಥ. ಆದರೂ ತೊಳೆಯುವವರೆಗೆ ಬೇರೆ ಇಡಿ, ಅದರಿಂದ ನಷ್ಟ ಏನೂ ಇಲ್ಲ.

ಲೆನ್ಸ್ ಇಡುವ ಡಬ್ಬದ ಒಳಗಿನ ತೇವಾಂಶ ಶೇ. 40ರಿಂದ 50 ಇರಬೇಕು. ತೀರಾ ಒಣಗಿಸಿದರೂ ರಬ್ಬರಿಗೆ, ಗ್ರೀಸಿಗೆ ಒಳ್ಳೆಯದಲ್ಲ. ಕರಾವಳಿಯವರು, ಮಲೆನಾಡಿನವರು ಲೆನ್ಸ್ ನಾಲ್ಕೈದಾದರೆ ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಂಡುಬಿಡಿ, ಮುಂದಿನ ಲೆನ್ಸಿಗಿಂತ ಮೊದಲು ಅದನ್ನು. ಒಂದೆರಡು ಲೆನ್ಸ್ ಇರುವವರಿಗೆ ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್, ತೇವ ಹೀರುವ ಒಂದಿಷ್ಟು ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಕಿತ್ತಳೆ ಹಸಿರಾದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹೈಗ್ರೋಮೀಟರನ್ನು ವಾರಕ್ಕೊಮ್ಮೆ ನೋಡಿ.

ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿ ರಿಂಗ್‌ಗಳ ಸಂದಿಗೆ ಹೋಗಿ ಫಂಗಸ್ಸಿಗೇ ಊಟವಾಗುತ್ತದೆ. ಬೀರುವಿನಲ್ಲಿ ಸೀರೆಗಳ ಮಧ್ಯೆ ಇಡುವ ನ್ಯಾಫ್ತಲಿನ್ ನುಸಿಗುಳಿಗೆ, ಕರ್ಪೂರ ಇವುಗಳ ಹತ್ತಿರವೂ ಬೇಡ, ಅವುಗಳ ಆವಿ ಲೆನ್ಸಿಗೂ ಕ್ಯಾಮೆರಾಗೂ ಹಾಳು. ಚರ್ಮದ ಕೇಸ್, ಸ್ಪಂಜಿನ ಕ್ಯಾಮೆರಾ ಬ್ಯಾಗ್ ಓಡಾಟಕ್ಕೆ ಮಾತ್ರ, ಇಡುವುದಕ್ಕಲ್ಲ. ಎಸಿ ಕಾರಿನಿಂದಲೋ ಕೋಣೆಯಿಂದಲೋ ಹೊರಗಿನ ಸೆಕೆಗೆ ಇಳಿಯುವ ಮುಂಚೆ, ಮಂಗಳೂರಿರಲಿ ದುಬೈ ಇರಲಿ, ಲೆನ್ಸನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಅರ್ಧ ಗಂಟೆ ಬಿಡಿ, ಹನಿ ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಮಳೆಯಲ್ಲಿ ಶೂಟ್ ಮಾಡಿ ಬಂದ ದಿನ ಲೆನ್ಸನ್ನು ಒರೆಸಿ, ಫ್ಯಾನ್ ಕೆಳಗೆ ಮುಚ್ಚಳ ತೆಗೆದು ಕೆಲವು ಗಂಟೆ ಇಟ್ಟು, ಆಮೇಲೆ ಡಬ್ಬಕ್ಕೆ ಹಾಕಿ. ತೊಳೆಸಿದ ಲೆನ್ಸಿಗೆ ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ನೋಡುತ್ತಿರಿ. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೂ ಎಳೆ ಕಾಣದಿದ್ದರೆ ಅದನ್ನು ಉಳಿದ ಲೆನ್ಸ್‌ಗಳ ಜೊತೆ ಸೇರಿಸಬಹುದು.